ಮರುಮೌಲ್ಯಮಾಪನದ ನಿಯಮ ತಿದ್ದುವುದು ಹೇಗೆ? ಕಾಲೇಜು, ವಿಶ್ವವಿದ್ಯಾಲಯಗಳಿಗೆ ಹಂತ ಹಂತದ ಮಾರ್ಗದರ್ಶಿ

ಸೆಮಿಸ್ಟರ್ ಫಲಿತಾಂಶ ಬಂದಾಗಲೆಲ್ಲ ಎರಡು ಕಡೆಯಿಂದ ಪ್ರಶ್ನೆ ಬರುತ್ತದೆ. ವಿದ್ಯಾರ್ಥಿಗಳು ಕೇಳುತ್ತಾರೆ: "ರೀವ್ಯಾಲ್ಯುಯೇಷನ್‌ಗೆ ಹಾಕಿದ್ದೆ, 'ನೋ ಚೇಂಜ್' ಅಂತ ಬಂತು. ಯಾಕೆ ಅಂತ ಯಾರೂ ಹೇಳ್ತಿಲ್ಲ. ಈ ನಿಯಮ ಬದಲಾಯಿಸೋಕೆ ಆಗಲ್ವಾ?" ಅಧ್ಯಾಪಕರು ಕೇಳುತ್ತಾರೆ: "ನಮ್ಮ ಕಾಲೇಜಿಗೆ ಸ್ವಾಯತ್ತತೆ ಸಿಕ್ಕಿದೆ. ವಿವಿಯ ಹಳೇ ನಿಯಮವನ್ನೇ ಇಟ್ಟುಕೊಂಡಿದ್ದೇವೆ. ತಿದ್ದಬೇಕು, ಎಲ್ಲಿಂದ ಶುರು ಮಾಡೋದು?"

ಇಬ್ಬರಿಗೂ ಸೇರಿಸಿ ಬರೆದ ಲೇಖನ ಇದು. ನೀವು ಪರೀಕ್ಷಾ ವಿಭಾಗದಲ್ಲಿದ್ದರೆ ಕರಡು ಬರೆಯಲು ಬಳಸಿಕೊಳ್ಳಿ. ವಿದ್ಯಾರ್ಥಿ ಪ್ರತಿನಿಧಿಯಾಗಿದ್ದರೆ ಏನನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂದು ತಿಳಿದುಕೊಳ್ಳಲು ಬಳಸಿಕೊಳ್ಳಿ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವಂತಾಗಬೇಕು. ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನಕ್ಕಿಂತ ಮೊದಲೇ ಉತ್ತರ ಅವರ ಕೈಸೇರಬೇಕು. ಈ ಎರಡು ಇಲ್ಲದಿದ್ದರೆ ಉಳಿದ ನಿಯಮ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಕಡಿಮೆ.

ಮೊದಲು ಕೆಲವು ಪದಗಳು

ರೀಟೋಟಲಿಂಗ್ ಅಥವಾ ಮರುಎಣಿಕೆ ಎಂದರೆ ಕೊಟ್ಟಿರುವ ಅಂಕಗಳನ್ನು ಮತ್ತೆ ಕೂಡಿ ನೋಡುವುದು, ಯಾವುದಾದರೂ ಉತ್ತರಕ್ಕೆ ಅಂಕ ಹಾಕದೆ ಬಿಟ್ಟಿದ್ದಾರಾ ಎಂದು ನೋಡುವುದು, ಅಷ್ಟೆ. ಉತ್ತರವನ್ನು ಮತ್ತೆ ಓದುವುದಿಲ್ಲ. ಮರುಮೌಲ್ಯಮಾಪನದಲ್ಲಿ ಬೇರೆ ಮೌಲ್ಯಮಾಪಕರು ಇಡೀ ಪತ್ರಿಕೆ ಓದಿ ಹೊಸದಾಗಿ ಅಂಕ ಕೊಡುತ್ತಾರೆ. ಚಾಲೆಂಜ್ ವ್ಯಾಲ್ಯುಯೇಷನ್ ಎಂಬುದಕ್ಕೆ ಎಲ್ಲ ವಿವಿಗಳಲ್ಲೂ ಒಂದೇ ಅರ್ಥವಿಲ್ಲ. ಸಾಮಾನ್ಯವಾಗಿ ಉತ್ತರ ಪತ್ರಿಕೆಯ ನಕಲು ನೋಡಿದ ಮೇಲೆ, ಜಾಸ್ತಿ ಶುಲ್ಕ ಕಟ್ಟಿ, ಮತ್ತೊಬ್ಬ ವಿಷಯ ತಜ್ಞರಿಂದ ನೋಡಿಸುವುದು ಎಂದು ತಿಳಿಯಿರಿ. ನಿಮ್ಮ ನಿಯಮದಲ್ಲಿ ಈ ಮೂರನ್ನೂ ಒಂದೊಂದು ವಾಕ್ಯದಲ್ಲಿ ವಿವರಿಸಿ. ಅರ್ಧ ಗೊಂದಲ ಅಲ್ಲೇ ಕಡಿಮೆಯಾಗುತ್ತದೆ.

ಸ್ಕೀಮ್ ಎಂದರೆ ಯಾವ ಉತ್ತರಕ್ಕೆ, ಯಾವ ಹಂತಕ್ಕೆ ಎಷ್ಟು ಅಂಕ ಎಂದು ಮೌಲ್ಯಮಾಪಕರಿಗೆ ಕೊಡುವ ಪಟ್ಟಿ. ಸಿಐಇ ಎಂದರೆ ಸೆಮಿಸ್ಟರ್ ಉದ್ದಕ್ಕೂ ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕ. ಹಳಬರ ಬಾಯಲ್ಲಿ ಐಎ ಮಾರ್ಕ್ಸ್. ಎಸ್‌ಇಇ ಎಂದರೆ ಸೆಮಿಸ್ಟರ್ ಕೊನೆಯ ಪರೀಕ್ಷೆ.

ಹಂತ 1: ನಿಯಮ ಎಲ್ಲಿ ಬರೆದಿದೆ ಎಂದು ಪತ್ತೆ ಮಾಡಿ

ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಹೆಚ್ಚಿನ ಪ್ರಯತ್ನಗಳು ಎಡವುವುದು ಇಲ್ಲೇ. ಮರುಮೌಲ್ಯಮಾಪನದ ನಿಯಮ ಒಂದೇ ಕಡೆ ಇರುವುದು ಅಪರೂಪ. ಒಂದು ಭಾಗ ಕೋರ್ಸಿನ ರೆಗ್ಯುಲೇಷನ್‌ನಲ್ಲಿ ಇರುತ್ತದೆ, ಇನ್ನೊಂದು ಪರೀಕ್ಷಾ ಕೈಪಿಡಿಯಲ್ಲಿ. ಶುಲ್ಕ ಮತ್ತು ಕೊನೆಯ ದಿನಾಂಕ ಪ್ರತಿ ಸಲ ಹೊರಡುವ ಸುತ್ತೋಲೆಯಲ್ಲಿ ಇರುತ್ತವೆ. ಇನ್ನು ಕೆಲವು ಎಲ್ಲಿಯೂ ಬರೆದಿರುವುದಿಲ್ಲ, "ನಾವು ಮೊದಲಿಂದ ಹೀಗೇ ಮಾಡೋದು" ಎಂದು ಸೂಪರಿಂಟೆಂಡೆಂಟ್ ಹೇಳುತ್ತಾರೆ.

ಎಲ್ಲವನ್ನೂ ಒಂದೆಡೆ ಸೇರಿಸಿ. ಪ್ರತಿ ಸಾಲಿನ ಮುಂದೆ ಅದನ್ನು ಬದಲಾಯಿಸುವ ಅಧಿಕಾರ ಯಾರಿಗಿದೆ ಎಂದು ಬರೆಯಿರಿ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಅಡಿ ಇರುವ ವಿವಿಗಳಲ್ಲಿ ಪರಿನಿಯಮ (ಸ್ಟ್ಯಾಚ್ಯೂಟ್, ಅಂದರೆ ಕಾಯ್ದೆಯಡಿ ವಿವಿ ಮಾಡಿಕೊಂಡ ಮೂಲ ನಿಯಮ) ತಿದ್ದಲು ಕುಲಾಧಿಪತಿಗಳ ಅಂಗೀಕಾರದವರೆಗೂ ಹೋಗಬೇಕು. ಸುತ್ತೋಲೆಯಲ್ಲಿರುವುದನ್ನು ಬದಲಾಯಿಸಲು ಮೌಲ್ಯಮಾಪನ ಕುಲಸಚಿವರ ಸಹಿ ಸಾಕಾಗಬಹುದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಗೆ (ವಿಟಿಯು) 1994ರ ಪ್ರತ್ಯೇಕ ಕಾಯ್ದೆ ಇದೆ, ಹಾಗಾಗಿ ಅಲ್ಲಿಯ ದಾರಿ ಬೇರೆ. ಸ್ವಾಯತ್ತ ಕಾಲೇಜುಗಳಲ್ಲಿ, ಅಂದರೆ ಪರೀಕ್ಷೆಯನ್ನು ತಾವೇ ನಡೆಸುವ ಕಾಲೇಜುಗಳಲ್ಲಿ, ಕಾಲೇಜಿನದೇ ಅಕಾಡೆಮಿಕ್ ಕೌನ್ಸಿಲ್ (ಪಠ್ಯ, ಪರೀಕ್ಷೆಯ ನಿಯಮ ತೀರ್ಮಾನಿಸುವ ಮಂಡಳಿ) ಇರುತ್ತದೆ, ಅದರಲ್ಲಿ ವಿವಿಯ ಪ್ರತಿನಿಧಿಗಳೂ ಕೂರುತ್ತಾರೆ.

ಈ ಪಟ್ಟಿ ಕೈಯಲ್ಲಿದ್ದರೆ ಸುತ್ತೋಲೆಯಿಂದಲೇ ಆಗುವ ಬದಲಾವಣೆಗಳನ್ನು ಈ ಸೆಮಿಸ್ಟರಿನಲ್ಲೇ ಮಾಡಬಹುದು. ಎಲ್ಲವನ್ನೂ ಒಂದೇ ಕಡತಕ್ಕೆ ಸೇರಿಸಿದರೆ ಸುಲಭದ್ದೂ ಕಷ್ಟದ್ದರ ಜೊತೆ ವರ್ಷಗಟ್ಟಲೆ ಕೂತುಬಿಡುತ್ತದೆ.

ಹಂತ 2: ಅಂಕಿಅಂಶ ತೆಗೆಯಿರಿ

ಕಳೆದ ಮೂರು ವರ್ಷದ, ಅಂದರೆ ಆರು ಸೆಮಿಸ್ಟರ್ ಪರೀಕ್ಷೆಗಳ ಲೆಕ್ಕ ಸಾಕು. ವಿಷಯವಾರು ಎಷ್ಟು ಅರ್ಜಿ ಬಂತು, ಎಷ್ಟರಲ್ಲಿ ಅಂಕ ಬದಲಾಯಿತು, ಎಷ್ಟು ಬದಲಾಯಿತು, ನಪಾಸಾದವರು ಎಷ್ಟು ಜನ ಪಾಸಾದರು, ಅರ್ಜಿ ಕೊಟ್ಟ ದಿನದಿಂದ ಫಲಿತಾಂಶಕ್ಕೆ ಎಷ್ಟು ದಿನ ಹಿಡಿಯಿತು.

ಒಂದು ವಿಷಯದಲ್ಲಿ ಮಾತ್ರ ಬದಲಾವಣೆ ಜಾಸ್ತಿ ಇದ್ದರೆ ಮೇಲ್ಮನವಿಯ ನಿಯಮ ತಿದ್ದಿ ಪ್ರಯೋಜನವಿಲ್ಲ. ಆ ವಿಷಯದ ಸ್ಕೀಮ್ ಅಥವಾ ಮೊದಲ ಮೌಲ್ಯಮಾಪನವೇ ಸರಿಯಿಲ್ಲ. ಅದನ್ನು ಆ ವಿಷಯದ ಮೌಲ್ಯಮಾಪನ ನೋಡಿಕೊಳ್ಳುವ ಪರೀಕ್ಷಾ ಮಂಡಳಿಗೆ ಕಳಿಸಿ.

ಇಲ್ಲಿ ಒಂದು ಎಚ್ಚರಿಕೆ. ಅರ್ಜಿ ಕಡಿಮೆ ಬಂದಿದೆ, ಆದ್ದರಿಂದ ಎಲ್ಲರಿಗೂ ಸಮಾಧಾನವಿದೆ ಎಂದು ತೀರ್ಮಾನಿಸಬೇಡಿ. ಶುಲ್ಕ ಕಟ್ಟಲಾಗದೆ ಬಿಟ್ಟವರು, ದಿನಾಂಕ ಗೊತ್ತಾಗದೆ ಬಿಟ್ಟವರು ಈ ಲೆಕ್ಕದಲ್ಲಿ ಕಾಣುವುದಿಲ್ಲ. ಹಾಸ್ಟೆಲ್ ಮಕ್ಕಳನ್ನು, ಮೊದಲ ತಲೆಮಾರಿಗೆ ಕಾಲೇಜಿಗೆ ಬಂದವರನ್ನು ನೇರವಾಗಿ ಕೇಳಿ. ನಿಯಮದಲ್ಲಿ ಎಲ್ಲಿ ಕೊರತೆ ಇದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಂತ 3: ಕಾನೂನು ಏನು ಹೇಳುತ್ತದೆ ಎಂದು ತಿಳಿದುಕೊಳ್ಳಿ

ವಕೀಲರಾಗಬೇಕಿಲ್ಲ. ಐದು ವಿಷಯ ಗೊತ್ತಿದ್ದರೆ ಸಾಕು.

ಒಂದನೆಯದು, ನಿಯಮದಲ್ಲಿ ಇಲ್ಲದಿದ್ದರೆ ಮರುಮೌಲ್ಯಮಾಪನವನ್ನು ಹಕ್ಕಿನಿಂದ ಕೇಳಲು ಬರುವುದಿಲ್ಲ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್, ಮರುಮೌಲ್ಯಮಾಪನ ಇಲ್ಲ ಎಂಬ ಮಂಡಳಿಯ ನಿರ್ಬಂಧವನ್ನು ಎತ್ತಿಹಿಡಿಯಿತು. 2017ರ ರಣವಿಜಯ್ ಸಿಂಗ್ ಪ್ರಕರಣದಲ್ಲೂ, ನಿಯಮದಲ್ಲಿ ಅವಕಾಶವಿಲ್ಲದಿದ್ದಾಗ ಎದ್ದು ಕಾಣುವ ತಪ್ಪಿರುವ ಅಪರೂಪದ ಸಂದರ್ಭ ಬಿಟ್ಟರೆ ನ್ಯಾಯಾಲಯ ಕೈಹಾಕುವುದಿಲ್ಲ ಎಂದಿತು. ಇದರ ಅರ್ಥ ಗಮನಿಸಿ. ನೀವು ಬರೆಯುವ ಸಾಲೇ ವಿದ್ಯಾರ್ಥಿಯ ಹಕ್ಕು. ನೀವು ಬಿಟ್ಟ ಸಾಲನ್ನು ಕೋರ್ಟ್ ತುಂಬಿಕೊಡುವುದಿಲ್ಲ.

ಎರಡನೆಯದು, ಪತ್ರಿಕೆ ನೋಡುವ ಹಕ್ಕು. 2011ರ ಆಗಸ್ಟ್ 9ರಂದು ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ನೋಡಬಹುದು, ನಕಲು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೌಲ್ಯಮಾಪಕರ ಹೆಸರು, ಗುರುತು ಮಾತ್ರ ಕೊಡಬೇಕಿಲ್ಲ. ಸಂಸ್ಥೆಯ ನಿಯಮದ ಪ್ರಕಾರ ಪತ್ರಿಕೆಯನ್ನು ಇಟ್ಟುಕೊಂಡಿರುವ ಅವಧಿಯಲ್ಲಿ ಮಾತ್ರ ಈ ಹಕ್ಕು ಚಲಾಯಿಸಬಹುದು. ಹಾಗಾಗಿ ಪತ್ರಿಕೆ ವಿಲೇವಾರಿಯ ಅವಧಿಯನ್ನೂ ತಪ್ಪದೆ ನೋಡಿ. ಮೇಲ್ಮನವಿ ನಡೆಯುತ್ತಿರುವಾಗಲೇ ಪತ್ರಿಕೆ ರದ್ದಿಗೆ ಹೋಗುವಂತಿದ್ದರೆ ಮೊದಲು ಅದನ್ನು ತಿದ್ದಿ.

ಮೂರನೆಯದು, ನಕಲಿನ ಶುಲ್ಕ. ಕಂಪನಿ ಸೆಕ್ರೆಟರಿಗಳ ಸಂಸ್ಥೆ ಉತ್ತರ ಪತ್ರಿಕೆಯ ನಕಲಿಗೆ ತನ್ನದೇ ಶುಲ್ಕ ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ಇಷ್ಟು: ಸಂಸ್ಥೆಯ ದಾರಿಯಲ್ಲಿ ಬಂದರೆ ಸಂಸ್ಥೆಯ ಶುಲ್ಕ, ಮಾಹಿತಿ ಹಕ್ಕಿನ ದಾರಿಯಲ್ಲಿ ಬಂದರೆ ಮಾಹಿತಿ ಹಕ್ಕಿನ ಶುಲ್ಕ. ಆಯ್ಕೆ ಅಭ್ಯರ್ಥಿಯದು. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಲ್ಲಿ ಅರ್ಜಿಗೆ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. 36 ಪುಟದ ಉತ್ತರ ಪತ್ರಿಕೆಗೆ ಎಲ್ಲ ಸೇರಿ 82 ರೂಪಾಯಿ. ನಿಮ್ಮ ಶುಲ್ಕ ಇದಕ್ಕಿಂತ ಬಹಳ ಜಾಸ್ತಿ ಇದ್ದರೆ ಯಾಕೆ ಎಂದು ಹೇಳಲು ತಯಾರಿರಿ.

ನಾಲ್ಕನೆಯದು, ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿ, 2023. ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಒಬ್ಬ ಮಹಿಳೆ, ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದ ಒಬ್ಬರು ಇರಬೇಕು. ವಿದ್ಯಾರ್ಥಿಯೊಬ್ಬರು ವಿಶೇಷ ಆಹ್ವಾನಿತರಾಗಿ ಕೂರುತ್ತಾರೆ. ಸಮಿತಿ ಸಾಧ್ಯವಾದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಓಂಬುಡ್ಸ್‌ಪರ್ಸನ್ ಎಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ವಿವಿ ನೇಮಿಸುವ ಅಧಿಕಾರಿ. ನಿವೃತ್ತ ಕುಲಪತಿ, ಹಿರಿಯ ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಸ್ಥಾನಕ್ಕೆ ಬರುತ್ತಾರೆ.

ಆದರೆ ಇಲ್ಲಿ ಎಷ್ಟೋ ಜನ ತಪ್ಪು ತಿಳಿಯುತ್ತಾರೆ. "ನನ್ನ ಪೇಪರ್ ಮತ್ತೆ ನೋಡಿ" ಎಂಬ ಅರ್ಜಿಯನ್ನು ಓಂಬುಡ್ಸ್‌ಪರ್ಸನ್ ತೆಗೆದುಕೊಳ್ಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ತೋರಿಸಿದರೆ ಮಾತ್ರ ವಿಚಾರಣೆ. ಅಂದರೆ ಅಂಕದ ತಕರಾರು ನಿಮ್ಮ ನಿಯಮದೊಳಗೇ ಬಗೆಹರಿಯಬೇಕು.

ಐದನೆಯದು, ಪ್ರಶ್ನೆ ಅಥವಾ ಕೀ ಉತ್ತರವೇ ತಪ್ಪಾಗಿದ್ದರೆ? 1983ರ ಕಾನ್ಪುರ ವಿವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೀ ಉತ್ತರ ಸರಿ ಎಂದೇ ಮೊದಲು ಭಾವಿಸಬೇಕು, ಆದರೆ ಅದು ತಪ್ಪೆಂದು ಸ್ಪಷ್ಟವಾಗಿ ತೋರಿಸಿದರೆ ವಿದ್ಯಾರ್ಥಿಯನ್ನು ಶಿಕ್ಷಿಸುವುದು ಅನ್ಯಾಯ ಎಂದಿತು. ಇಂಥ ತಪ್ಪು ಸಿಕ್ಕರೆ ಅರ್ಜಿ ಹಾಕಿದವರಿಗಷ್ಟೇ ಅಲ್ಲ, ಆ ಪರೀಕ್ಷೆ ಬರೆದ ಎಲ್ಲರಿಗೂ ಅಂಕ ಸರಿಪಡಿಸುತ್ತೇವೆ ಎಂದು ನಿಯಮದಲ್ಲಿ ಬರೆಯಿರಿ.

ಹಂತ 4: ಮೆಟ್ಟಿಲುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ

ಪತ್ರಿಕೆ ನೋಡುವುದು ಮೊದಲು. ನಂತರ ಮರುಎಣಿಕೆ. ನಂತರ ಮರುಮೌಲ್ಯಮಾಪನ. ಅದಾದ ಮೇಲೆ, ಅಂಕದ ಅಂತರ ದೊಡ್ಡದಿದ್ದರೆ ಮೂರನೇ ಮೌಲ್ಯಮಾಪನ. ಕೊನೆಗೆ ಅಕ್ರಮ, ತಾರತಮ್ಯದ ದೂರುಗಳಿಗೆ ಕುಂದುಕೊರತೆ ಸಮಿತಿ.

ಹಲವು ಕಡೆ ನಕಲು ಕೇಳುವ ಕೊನೆಯ ದಿನ ಮತ್ತು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಕೊನೆಯ ದಿನ ಎರಡೂ ಒಂದೇ ಆಗಿರುತ್ತವೆ. ಆಗ ನಕಲು ಕೈಗೆ ಬರುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ. ವಿದ್ಯಾರ್ಥಿ ಕಣ್ಣುಮುಚ್ಚಿ ಹಣ ಕಟ್ಟಬೇಕಾಗುತ್ತದೆ. ನಿಯಮದಲ್ಲಿ ಹೀಗೆ ಬರೆಯಿರಿ: "ಮರುಮೌಲ್ಯಮಾಪನದ ಗಡುವನ್ನು ನಕಲು ತಲುಪಿದ ದಿನದಿಂದ ಎಣಿಸತಕ್ಕದ್ದು." ಈ ಒಂದೇ ಸಾಲು ಬಹಳ ತಕರಾರು ತಪ್ಪಿಸುತ್ತದೆ.

ನಕಲಿನ ಜೊತೆಗೆ ಸ್ಕೀಮ್ ಕೊಡಿ. ಸ್ಕೀಮ್ ಇಲ್ಲದ ನಕಲು ಅರ್ಧ ಉಪಯೋಗಕ್ಕೆ ಮಾತ್ರ. ವಿದ್ಯಾರ್ಥಿ ಏನು ನೋಡುತ್ತಾರೆ ಎಂದು ಯೋಚಿಸಿ. ಮೊದಲ ಪುಟದಲ್ಲಿ ಪ್ರಶ್ನೆವಾರು ಅಂಕದ ಚೌಕಗಳು. 5ಎ, 5ಬಿ, 5ಸಿ. ಒಳಗೆ 5ಬಿ ಉತ್ತರ 14ನೇ ಪುಟದಲ್ಲಿ ಶುರುವಾಗಿದೆ, ಜಾಗ ಸಾಲದೆ 31ನೇ ಪುಟದಲ್ಲಿ ಮುಂದುವರಿದಿದೆ. 14ನೇ ಪುಟದಲ್ಲಿ ಟಿಕ್ ಇದೆ, 31ರಲ್ಲಿ ಪೆನ್ನು ಆಡಿಸಿದ ಗುರುತೇ ಇಲ್ಲ. ಅಥವಾ ಕೊನೆಗೆ ದಾರ ಕಟ್ಟಿದ ಗ್ರಾಫ್ ಹಾಳೆಯನ್ನು ಯಾರೂ ನೋಡಿಲ್ಲ. ಅಥವಾ ಐದು ಪ್ರಶ್ನೆ ಬರೆಯಬೇಕಾದಲ್ಲಿ ಆರು ಬರೆದಿದ್ದಾರೆ, ಕಡಿಮೆ ಅಂಕದ್ದನ್ನು ಬಿಡುವ ಬದಲು ಕೊನೆಯದನ್ನು ಬಿಟ್ಟಿದ್ದಾರೆ. ಇವೆಲ್ಲ ನಕಲು ನೋಡಿದರೆ ಐದು ನಿಮಿಷದಲ್ಲಿ ಸಿಗುವ ತಪ್ಪುಗಳು. ಇವಕ್ಕೆ ಇಡೀ ಪತ್ರಿಕೆಯ ಮರುಮೌಲ್ಯಮಾಪನ ಬೇಕಿಲ್ಲ, ದೊಡ್ಡ ಶುಲ್ಕವೂ ಬೇಕಿಲ್ಲ. ಅರ್ಜಿ ನಮೂನೆಯಲ್ಲಿ ಪ್ರಶ್ನೆ ಸಂಖ್ಯೆ, ಪುಟ ಸಂಖ್ಯೆ, ಏನು ಬಿಟ್ಟುಹೋಗಿದೆ ಎಂದು ಬರೆಯಲು ಮೂರು ಅಂಕಣ ಕೊಡಿ. ವಾರದೊಳಗೆ ಸರಿಪಡಿಸಿ.

ಮರುಮೌಲ್ಯಮಾಪನಕ್ಕೆ ಹೋಗುವ ಪತ್ರಿಕೆಯಲ್ಲಿ ಮೊದಲಿನ ಅಂಕ ಕಾಣಬಾರದು. ಕಾಗದದ ಪದ್ಧತಿಯಲ್ಲಿ ಇದು ನಿಜವಾಗಿಯೂ ಕಷ್ಟ. ಮುಖಪುಟ ಮುಚ್ಚಿದರೂ ಒಳಗಿನ ಕೆಂಪು ಶಾಯಿ ಉಳಿದಿರುತ್ತದೆ. ಎರಡನೆಯವರು "7" ಎಂದು ನೋಡಿದ ಮೇಲೆ 4 ಅಥವಾ 10 ಕೊಡಲು ಹಿಂಜರಿಯುತ್ತಾರೆ. ಇದು ಮನುಷ್ಯ ಸ್ವಭಾವ. ಮೊದಲ ಮೌಲ್ಯಮಾಪಕರು ಪತ್ರಿಕೆಯೊಳಗೆ ಬರೆಯದೆ ಪ್ರತ್ಯೇಕ ಅಂಕದ ಹಾಳೆಯಲ್ಲೇ ಬರೆಯುವಂತೆ ಮಾಡುವುದು ಒಂದು ದಾರಿ. ಮೌಲ್ಯಮಾಪನಕ್ಕೆ ಮೊದಲೇ ಸ್ಕ್ಯಾನ್ ಮಾಡುವ ಡಿಜಿಟಲ್ ಪದ್ಧತಿ ಇದ್ದರೆ ಹಳೇ ಅಂಕ ಮರೆಮಾಡುವುದು ಸುಲಭ. ತಂತ್ರಾಂಶದಲ್ಲಿ ಆ ಆಯ್ಕೆ ನಿಜವಾಗಿ ಆನ್ ಆಗಿದೆಯಾ ಎಂದು ಮಾತ್ರ ಪರೀಕ್ಷಿಸಿ ನೋಡಿ.

ಹಂತ 5: ಅಂಕದ ಲೆಕ್ಕವನ್ನು ಕೊನೆಯ ದಶಮಾಂಶದವರೆಗೆ ಬರೆಯಿರಿ

ತಕರಾರು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನೂರು ಅಂಕದ ಪತ್ರಿಕೆ, ಪಾಸಾಗಲು 35 ಬೇಕು ಎಂದಿಟ್ಟುಕೊಳ್ಳಿ. ಮೊದಲು ಬಂದದ್ದು 31, ಮರುಮೌಲ್ಯಮಾಪನದಲ್ಲಿ 38. ಅಂತಿಮ ಅಂಕ ಎಷ್ಟು?

"ಎರಡರಲ್ಲಿ ಹೆಚ್ಚಿನದು" ಎಂದು ನಿಯಮವಿದ್ದರೆ 38, ಪಾಸ್. "ಎರಡನೆಯದೇ ಅಂತಿಮ" ಎಂದಿದ್ದರೂ 38. "ಸರಾಸರಿ" ಎಂದಿದ್ದರೆ 34.5. ಅರ್ಧವನ್ನು ಮೇಲಕ್ಕೆ ಏರಿಸಿದರೆ 35, ಪಾಸ್. ದಶಮಾಂಶ ಬಿಟ್ಟರೆ 34, ನಪಾಸ್. ಒಬ್ಬ ಹುಡುಗಿಯ ಒಂದು ವರ್ಷ ಈ ಅರ್ಧ ಅಂಕದ ಮೇಲೆ ನಿಂತಿದೆ, ನಿಯಮದಲ್ಲಿ ಅದರ ಬಗ್ಗೆ ಒಂದಕ್ಷರವೂ ಇರುವುದಿಲ್ಲ. "ಅರ್ಧ ಮತ್ತು ಅದಕ್ಕಿಂತ ಹೆಚ್ಚಿನದನ್ನು ಮುಂದಿನ ಪೂರ್ಣಾಂಕಕ್ಕೆ ಏರಿಸುವುದು" ಎಂದು ಬರೆದುಬಿಡಿ.

ಮುಂದಿನದು, ಕನಿಷ್ಠ ಬದಲಾವಣೆಯ ಷರತ್ತು. ಕೆಲವು ನಿಯಮಾವಳಿಗಳಲ್ಲಿ ಅಂಕ ಶೇಕಡಾ 5ರಷ್ಟಾದರೂ ಬದಲಾದರೆ ಮಾತ್ರ ಪರಿಗಣಿಸುತ್ತಾರೆ, ಇಲ್ಲದಿದ್ದರೆ "ನೋ ಚೇಂಜ್". ಇಬ್ಬರು ಪ್ರಾಮಾಣಿಕ ಮೌಲ್ಯಮಾಪಕರ ನಡುವೆ ಎರಡು ಮೂರು ಅಂಕ ಆಚೀಚೆ ಆಗುವುದು ಸಹಜ, ಹಾಗಾಗಿ ಈ ಷರತ್ತಿಗೆ ಅರ್ಥವಿದೆ. ಆದರೆ 31 ಬಂದವರಿಗೆ ಮರುಮೌಲ್ಯಮಾಪನದಲ್ಲಿ 35 ಬಂದರೆ? ವ್ಯತ್ಯಾಸ 4 ಮಾತ್ರ. ಎರಡನೆಯವರು ಪಾಸ್ ಎಂದಿದ್ದಾರೆ, ನಿಯಮ ನಪಾಸ್ ಎನ್ನುತ್ತದೆ. ಇದಕ್ಕೆ ವಿನಾಯಿತಿ ಬೇಕು: "ಬದಲಾದ ಅಂಕದಿಂದ ವಿದ್ಯಾರ್ಥಿ ಉತ್ತೀರ್ಣರಾಗುವುದಾದರೆ ಅಥವಾ ಗ್ರೇಡ್ ಮೇಲೇರುವುದಾದರೆ ಈ ಕನಿಷ್ಠ ಮಿತಿ ಅನ್ವಯಿಸುವುದಿಲ್ಲ."

ಈಗ ಮೂರನೇ ಮೌಲ್ಯಮಾಪನ. ಎರಡು ಅಂಕಗಳ ಅಂತರ ನೂರಕ್ಕೆ 15ಕ್ಕಿಂತ ಜಾಸ್ತಿ ಇದ್ದರೆ ಮೂರನೆಯವರಿಗೆ ಕಳಿಸಿ, ಹತ್ತಿರದ ಎರಡು ಅಂಕಗಳ ಸರಾಸರಿ ತೆಗೆಯುವ ಪದ್ಧತಿ ಇದೆ ಅಲ್ವಾ? ಕೇಳಲು ಸರಿಯಾಗಿದೆ. ಮೂರು ಉದಾಹರಣೆ ಹಾಕಿ ನೋಡಿ. ಮೊದಲು 28, ನಂತರ 46.

ಮೂರನೆಯವರು 40 ಕೊಟ್ಟರೆ ಹತ್ತಿರದವು 46 ಮತ್ತು 40. ಸರಾಸರಿ 43. ಸರಿ.

ಮೂರನೆಯವರು 37 ಕೊಟ್ಟರೆ? 28ಕ್ಕೂ 46ಕ್ಕೂ ಸಮನಾಗಿ 9 ಅಂಕ ದೂರ. ಯಾವುದು ಹತ್ತಿರ? ನಿಯಮ ಸುಮ್ಮನಿರುತ್ತದೆ, ಗುಮಾಸ್ತರು ತಮಗೆ ತೋಚಿದಂತೆ ಮಾಡುತ್ತಾರೆ. ವಿದ್ಯಾರ್ಥಿಗೆ ಅನುಕೂಲವಾದ ಜೋಡಿಯನ್ನು ತೆಗೆದುಕೊಳ್ಳಬೇಕು ಎಂದು ಬರೆಯಿರಿ. ಆಗ 37 ಮತ್ತು 46, ಸರಾಸರಿ 41.5, ಅಂದರೆ 42.

ಮೂರನೆಯವರು 20 ಕೊಟ್ಟರೆ? ಹತ್ತಿರದವು 28 ಮತ್ತು 20. ಸರಾಸರಿ 24. ಒಬ್ಬರು 46 ಕೊಟ್ಟ ಪತ್ರಿಕೆಗೆ ಮೊದಲಿದ್ದ 28 ಕೂಡ ಉಳಿಯಲಿಲ್ಲ. ಮೂರು ಜನ 20, 28, 46 ಎಂದರೆ ಆ ಮೌಲ್ಯಮಾಪನದಲ್ಲೇ ಏನೋ ಆಗಿದೆ. ಇಂಥ ಪತ್ರಿಕೆಯನ್ನು ಸೂತ್ರಕ್ಕೆ ಬಿಡದೆ ಪರೀಕ್ಷಾ ಮಂಡಳಿಯ ಅಧ್ಯಕ್ಷರು ಸ್ಕೀಮ್ ಇಟ್ಟುಕೊಂಡು ಖುದ್ದಾಗಿ ನೋಡಲಿ.

ಅಂಕ ಕಡಿಮೆಯಾದರೆ ಏನು ಮಾಡುವುದು ಎಂಬುದು ಸಭೆಗಳಲ್ಲಿ ಬಹಳ ಹೊತ್ತು ಎಳೆಯುವ ಚರ್ಚೆ. ಕಡಿಮೆಯಾದರೂ ಒಪ್ಪಬೇಕು, ಇಲ್ಲದಿದ್ದರೆ ಎಲ್ಲರೂ ಅದೃಷ್ಟ ಪರೀಕ್ಷೆಗೆ ಹಾಕುತ್ತಾರೆ ಎಂಬುದು ಒಂದು ವಾದ. ನಾನು ಒಪ್ಪುವುದಿಲ್ಲ. ಇರುವ ಅಂಕವೂ ಹೋದೀತು ಎಂಬ ಭಯಕ್ಕೆ ನಿಜವಾದ ತೊಂದರೆ ಇರುವವರೇ ಅರ್ಜಿ ಹಾಕುವುದಿಲ್ಲ. ಪತ್ರಿಕೆ, ಸ್ಕೀಮ್ ಎರಡನ್ನೂ ನೋಡಿದವರು ಸುಮ್ನೆ ಹಣ ಕಟ್ಟುವುದು ಕಡಿಮೆ. ಮೊದಲಿನ ಅಂಕ ಉಳಿಯಲಿ. ಕೂಡಿಸುವ ತಪ್ಪಿನಿಂದ ಜಾಸ್ತಿ ಬಂದಿದ್ದರೆ ಮಾತ್ರ ಸರಿಪಡಿಸಿ. ನೀವು ಯಾವ ತೀರ್ಮಾನಕ್ಕೇ ಬನ್ನಿ, ಅದನ್ನು ಅರ್ಜಿ ನಮೂನೆಯ ಮೇಲ್ಭಾಗದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ.

ರಿಲೇಟಿವ್ ಗ್ರೇಡಿಂಗ್ ಇರುವ ಕಾಲೇಜುಗಳಿಗೆ ಒಂದು ಮಾತು. ಇಡೀ ತರಗತಿಯ ಅಂಕ ನೋಡಿ ಗ್ರೇಡಿನ ಗಡಿ ಹಾಕುವ ಪದ್ಧತಿ ಇದು. ಒಬ್ಬರ ಅಂಕ ಬದಲಾದರೆ ಗಡಿಗಳನ್ನು ಮತ್ತೆ ಲೆಕ್ಕ ಹಾಕಬೇಡಿ. ಹಾಕಿದರೆ ಅರ್ಜಿಯನ್ನೇ ಕೊಡದವರ ಗ್ರೇಡ್ ಇಳಿಯಬಹುದು. ಮೊದಲು ಪ್ರಕಟವಾದ ಗಡಿಯೇ ಇರಲಿ. ಬದಲಾದ ಅಂಕ ಆ ಗಡಿ ದಾಟಿದೆಯೇ ಎಂದಷ್ಟೇ ನೋಡಿ.

ಹಂತ 6: ಆಂತರಿಕ ಅಂಕವನ್ನು ಮರೆಯಬೇಡಿ

ವಿಟಿಯುವಿನ ಈಚಿನ ಪಠ್ಯಕ್ರಮಗಳಲ್ಲಿ ಥಿಯರಿ ವಿಷಯಗಳಿಗೆ ಸಿಐಇ 50, ಎಸ್‌ಇಇ 50. ಅರ್ಧದಷ್ಟು ಅಂಕ ಕಾಲೇಜಿನೊಳಗೇ ತೀರ್ಮಾನವಾಗುತ್ತದೆ. ಆದರೂ ಹೆಚ್ಚಿನ ಮೇಲ್ಮನವಿ ನಿಯಮಗಳು ಕೊನೆಯ ಪರೀಕ್ಷೆಯ ಬಗ್ಗೆ ಮಾತ್ರ ಮಾತಾಡುತ್ತವೆ.

ಇದಕ್ಕೆ ಮರುಮೌಲ್ಯಮಾಪನದ ದೊಡ್ಡ ವ್ಯವಸ್ಥೆ ಬೇಕಿಲ್ಲ. ಟೆಸ್ಟ್ ಪತ್ರಿಕೆಯನ್ನು ಇಂತಿಷ್ಟು ದಿನದಲ್ಲಿ ತರಗತಿಯಲ್ಲಿ ಕೊಟ್ಟು ತೋರಿಸಬೇಕು. ಅಂಕಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಕು. ಪೋರ್ಟಲ್‌ಗೆ ಏರಿಸಿ ಲಾಕ್ ಮಾಡುವ ಮುಂಚೆ ಆಕ್ಷೇಪಣೆಗೆ ಐದು ಕೆಲಸದ ದಿನವಾದರೂ ಕೊಡಬೇಕು. ಲಾಕ್ ಆದ ಮೇಲೆ ಒಂದು ಅಂಕ ತಿದ್ದಲೂ ಪ್ರಾಂಶುಪಾಲರ ಪತ್ರ, ವಿವಿಯ ಅನುಮತಿ ಎಂದು ಅಲೆದಾಟ ಶುರುವಾಗುತ್ತದೆ. ಆಗ ಅನುಭವಿಸುವವರು ವಿದ್ಯಾರ್ಥಿಗಳು.

ಆಕ್ಷೇಪಣೆ ವಿಷಯದ ಅಧ್ಯಾಪಕರ ಕೈಗೇ ಹೋಗುವಂತಿರಬಾರದು. ವಿಭಾಗದ ಇಬ್ಬರು ಬೇರೆ ಅಧ್ಯಾಪಕರು ನೋಡಲಿ. "ಮೇಷ್ಟ್ರಿಗೆ ಬೇಜಾರಾದ್ರೆ ಮುಂದಿನ ಸೆಮ್‌ನಲ್ಲೂ ಅವರೇ ಬರ್ತಾರೆ" ಎಂಬ ಅಳುಕು ನಮ್ಮ ಮಕ್ಕಳಲ್ಲಿ ಎಷ್ಟಿದೆ ಎಂದು ಅಧ್ಯಾಪಕರಾದವರಿಗೆಲ್ಲ ಗೊತ್ತು. ಆಕ್ಷೇಪಣೆಯನ್ನು ಮೆಂಟರ್, ಅಂದರೆ ವಿದ್ಯಾರ್ಥಿಯ ಮಾರ್ಗದರ್ಶಕ ಅಧ್ಯಾಪಕರ ಮೂಲಕ ಕೊಡುವ ಅವಕಾಶವೂ ಇರಲಿ.

ಪ್ರಾಕ್ಟಿಕಲ್, ವೈವಾ ಅಂಕಗಳಿಗೆ ಮತ್ತೆ ನೋಡಲು ಪತ್ರಿಕೆಯೇ ಇರುವುದಿಲ್ಲ. ಅಲ್ಲಿ ಪರೀಕ್ಷೆ ನಡೆದ ದಿನವೇ ಅಂಕದ ವಿಂಗಡಣೆ ಬರೆದಿಡುವುದನ್ನು ಕಡ್ಡಾಯ ಮಾಡಿ: ವಿಧಾನಕ್ಕೆ ಎಷ್ಟು, ಫಲಿತಾಂಶಕ್ಕೆ ಎಷ್ಟು, ವೈವಾಗೆ ಎಷ್ಟು. ಪ್ರಕ್ರಿಯೆ ತಪ್ಪಾಗಿದೆ ಎಂಬ ಮನವಿಗೆ ಮಾತ್ರ ಅವಕಾಶ ಕೊಡಿ.

ಹಂತ 7: ಕ್ಯಾಲೆಂಡರನ್ನು ಕೊನೆಯ ದಿನದಿಂದ ಹಿಂದಕ್ಕೆ ಹಾಕಿ

ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನ ಗುರುತಿಸಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಆ ದಿನಕ್ಕಿಂತ ಒಂದು ವಾರ ಮೊದಲು ಮರುಮೌಲ್ಯಮಾಪನದ ಫಲಿತಾಂಶ ಬರಬೇಕು. ಮೌಲ್ಯಮಾಪನಕ್ಕೆ ಮೂರು ವಾರ, ಅರ್ಜಿಗೆ ನಕಲು ತಲುಪಿದ ಮೇಲೆ ಏಳು ದಿನ, ನಕಲು ಕೊಡಲು ಐದು ದಿನ. ಒಟ್ಟು ಸುಮಾರು 40 ದಿನ. ಇಷ್ಟು ದಿನ ಇಲ್ಲ ಎಂದಾದರೆ ಪರೀಕ್ಷಾ ಶುಲ್ಕದ ದಿನಾಂಕ ಮುಂದಕ್ಕೆ ಹೋಗಬೇಕು.

ತಡವಾದರೆ ಏನು ಎಂಬುದಕ್ಕೂ ಒಂದು ಸಾಲು ಬೇಕು. ಫಲಿತಾಂಶ ಬಾರದೆ ವಿದ್ಯಾರ್ಥಿ ಬ್ಯಾಕ್‌ಲಾಗ್ ಪರೀಕ್ಷೆಗೆ ಹಣ ಕಟ್ಟಿದ್ದು, ನಂತರ ಪಾಸ್ ಎಂದು ಬಂದರೆ ಆ ಶುಲ್ಕ ವಾಪಸ್ ಕೊಡಬೇಕು. ಮುಂದಿನ ವರ್ಷಕ್ಕೆ ಪ್ರವೇಶ ಈ ಒಂದು ವಿಷಯದ ಮೇಲೆ ನಿಂತಿದ್ದರೆ ತಾತ್ಕಾಲಿಕ ಪ್ರವೇಶ ಕೊಡಿ. ಕ್ಯಾಂಪಸ್ ಸೆಲೆಕ್ಷನ್ ಆದವರು, ವಿದೇಶಿ ವಿವಿಗೆ ಅಂಕಪಟ್ಟಿ ಕಳಿಸಬೇಕಾದವರು, ಕೊನೆಯ ಸೆಮಿಸ್ಟರಿನವರು, ಇವರ ಅರ್ಜಿಗಳನ್ನು ಮೊದಲು ಎತ್ತಿಕೊಳ್ಳಿ.

ಹಂತ 8: ಶುಲ್ಕ

ವೆಚ್ಚ ಎಷ್ಟಾಗುತ್ತದೋ ಅಷ್ಟು ಹಾಕಿ. ಮೌಲ್ಯಮಾಪಕರ ಸಂಭಾವನೆ, ಸ್ಕ್ಯಾನಿಂಗ್, ಸಿಬ್ಬಂದಿ ಸಮಯ ಲೆಕ್ಕ ಹಾಕಿ ಕಡತದಲ್ಲಿ ತೋರಿಸಿ. ಮರುಎಣಿಕೆಯಲ್ಲಿ ತಪ್ಪು ಸಿಕ್ಕರೆ ಶುಲ್ಕ ಪೂರ್ತಿ ವಾಪಸ್, ಯಾಕೆಂದರೆ ತಪ್ಪು ಸಂಸ್ಥೆಯದು. ಮರುಮೌಲ್ಯಮಾಪನದಲ್ಲಿ ನಪಾಸಿನಿಂದ ಪಾಸಾದರೂ ವಾಪಸ್ ಕೊಡಿ. ಅದಕ್ಕೆ ವಿದ್ಯಾರ್ಥಿ ಇನ್ನೊಂದು ಅರ್ಜಿ ಹಾಕುವಂತಿರಬಾರದು, ಹಣ ತಾನಾಗಿ ಅವರ ಖಾತೆಗೆ ಹೋಗಬೇಕು. ವಿದ್ಯಾರ್ಥಿವೇತನ ಪಡೆಯುವವರಿಗೆ ರಿಯಾಯಿತಿ ಇಡಿ.

ಹಂತ 9: ಕರಡು, ಸಭೆ, ಜಾರಿ

ಕರಡು ಸಮಿತಿಯಲ್ಲಿ ಪರೀಕ್ಷಾ ನಿಯಂತ್ರಕರು, ಬೇರೆ ಬೇರೆ ವಿಭಾಗದ ಮೂವರು ಅಧ್ಯಾಪಕರು, ಕನಿಷ್ಠ ಇಬ್ಬರು ವಿದ್ಯಾರ್ಥಿಗಳು, ಅರ್ಜಿಗಳನ್ನು ನಿಜವಾಗಿ ತೆರೆದು ನೋಡುವ ಗುಮಾಸ್ತರೊಬ್ಬರು ಇರಲಿ. ಕೊನೆಯವರನ್ನು ಬಿಡಬೇಡಿ. 34.5ರ ಪ್ರಶ್ನೆ ಮೊದಲು ಬರುವುದು ಅವರ ಮೇಜಿಗೆ.

ಕರಡು ಬರೆದ ಮೇಲೆ ಹಳೆಯ 20 ಅರ್ಜಿ ತೆಗೆದುಕೊಂಡು, ಹೆಸರು ಮುಚ್ಚಿ, ಹೊಸ ನಿಯಮದಲ್ಲಿ ಲೆಕ್ಕ ಹಾಕಿ. ಇಬ್ಬರು ಬೇರೆ ಬೇರೆ ಕೂತು ಹಾಕಲಿ. ಇಬ್ಬರ ಉತ್ತರ ಬೇರೆಯಾದರೆ ಆ ಸಾಲು ಇನ್ನೂ ಸ್ಪಷ್ಟವಾಗಿಲ್ಲ.

ಸಭೆಗೆ ಹೋಗುವಾಗ ಹಳೇ ಸಾಲು, ಹೊಸ ಸಾಲು, ಕಾರಣ ಎಂದು ಮೂರು ಅಂಕಣದ ಪಟ್ಟಿ ಒಯ್ಯಿರಿ. "ಇದರಿಂದ ಮೌಲ್ಯಮಾಪಕರ ಮೇಲೆ ನಂಬಿಕೆ ಇಲ್ಲ ಅಂದಹಾಗಾಗುತ್ತೆ" ಎಂಬ ಮಾತು ಖಂಡಿತ ಬರುತ್ತದೆ. ಆಗ ಎರಡನೇ ಹಂತದ ಅಂಕಿಅಂಶ ಮುಂದಿಡಿ. ಒಂದು ದಿನದಲ್ಲಿ ರಾಶಿ ಪತ್ರಿಕೆ ನೋಡುವ ಮೌಲ್ಯಮಾಪಕರಿಗೆ ತಪ್ಪು ಸರಿಪಡಿಸುವ ದಾರಿಯೊಂದು ಇರುವುದು ಅವರಿಗೂ ಒಳ್ಳೆಯದು.

ಜಾರಿ ದಿನಾಂಕ ಸ್ಪಷ್ಟವಾಗಿರಲಿ. ಪರೀಕ್ಷೆ ಬರೆದು ಮುಗಿಸಿದವರ ಮೇಲೆ ಹೊಸ ಕಠಿಣ ಷರತ್ತು ಹಾಕಬೇಡಿ. ಅನುಕೂಲವಾದದ್ದನ್ನು ಕೂಡಲೇ ಕೊಡಬಹುದು, ಅನನುಕೂಲವಾದದ್ದು ಮುಂದಿನ ಸೆಮಿಸ್ಟರ್ ಶುರುವಾಗುವ ಮುಂಚೆ ತಿಳಿಸಿದ ಮೇಲೆ ಮಾತ್ರ. ಹಳೇ ಸುತ್ತೋಲೆಗಳನ್ನು ಸಂಖ್ಯೆ, ದಿನಾಂಕ ಹಾಕಿ ಸ್ಪಷ್ಟವಾಗಿ ರದ್ದು ಮಾಡಿ. ಇಲ್ಲದಿದ್ದರೆ ಎರಡೂ ಜೀವಂತವಾಗಿ ಉಳಿದು, ಕೌಂಟರಿನಲ್ಲಿ ಕೂತವರು ಯಾವುದು ಕೈಗೆ ಸಿಕ್ಕಿತೋ ಅದನ್ನು ಓದುತ್ತಾರೆ.

ನಿಯಮದ ಒಂದು ಪುಟದ ಸಾರಾಂಶವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಯಾರಿಸಿ. ಫಲಿತಾಂಶ ಪ್ರಕಟವಾಗುವ ಪುಟದಲ್ಲೇ ಕೊಂಡಿ ಕೊಡಿ. ಕಣ್ಣು ಕಾಣದ ವಿದ್ಯಾರ್ಥಿ ಸ್ಕ್ರೀನ್ ರೀಡರ್‌ನಲ್ಲಿ, ಅಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದಲ್ಲಿ, ಅರ್ಜಿ ತುಂಬಲು ಆಗುತ್ತದೆಯೇ ಎಂದು ಅವರಿಂದಲೇ ಮಾಡಿಸಿ ನೋಡಿ. ಮರುಮೌಲ್ಯಮಾಪನದ ಫಲಿತಾಂಶ ಕಳಿಸುವಾಗ "ನೋ ಚೇಂಜ್" ಎಂದಷ್ಟೇ ಬರೆಯದೆ ಪ್ರಶ್ನೆವಾರು ಹಳೇ ಅಂಕ, ಹೊಸ ಅಂಕ ಎರಡನ್ನೂ ಕೊಡಿ. ಎರಡು ಪರೀಕ್ಷೆ ಮುಗಿದ ಮೇಲೆ ಎರಡನೇ ಹಂತದ ಅದೇ ಲೆಕ್ಕ ಮತ್ತೆ ತೆಗೆಯಿರಿ, ಅದನ್ನು ಅಕಾಡೆಮಿಕ್ ಕೌನ್ಸಿಲ್‌ನ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಈಗಲೇ ಸೇರಿಸಿಡಿ.